ಐದು ಸೈನೈಡ್ ಸೇರಿದರೆ ಏನಾಗುತ್ತದೆ?

ಪತ್ತೇದಾರಿ ಕಾದಂಬರಿ ಓದಿದವರಿಗೆಲ್ಲ ಸೈನೈಡ್ ಗೊತ್ತು. ಲೋಟಕ್ಕೆ ಒಂದು ಚಿಟಿಕೆ ಬಿದ್ದರೆ ಮುಗಿಯಿತು, ಮುಂದಿನ ಅಧ್ಯಾಯಕ್ಕೆ ಇನ್‌ಸ್ಪೆಕ್ಟರ್ ಹಾಜರ್. ಈ ವಿಷದ ಮನೆತನದಲ್ಲಿ ತುಂಬಾ ಚಿಕ್ಕದು ಹೈಡ್ರೋಜನ್ ಸೈನೈಡ್. ಒಂದು ಜಲಜನಕ, ಒಂದು ಇಂಗಾಲ, ಒಂದು ಸಾರಜನಕ. ಮೂರೇ ಪರಮಾಣು, ಒಂದರ ಪಕ್ಕ ಒಂದು ಸಾಲಾಗಿ ನಿಂತಿವೆ. ಅಷ್ಟೇ.

ಈಗ ಒಂದು ಸಣ್ಣ ಲೆಕ್ಕ. ಇಂಥ ಐದು ಅಣುಗಳನ್ನು ಕೂಡಿಸಿ. ಐದು ಜಲಜನಕ, ಐದು ಇಂಗಾಲ, ಐದು ಸಾರಜನಕ ಆಯಿತು ಅಲ್ವಾ? ಇದೇ ಹದಿನೈದು ಪರಮಾಣುಗಳನ್ನು ಬೇರೆ ಥರ ಜೋಡಿಸಿದರೆ ಸಿಗುವುದು ಅಡೆನಿನ್. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ‘ಎ’ ಅಂತ ಬರೆಯುತ್ತಾರಲ್ಲ, ಅದು. ನೀವು ಈ ಸಾಲು ಓದುವಾಗ ನಿಮ್ಮ ಜೀವಕೋಶಗಳು ಶಕ್ತಿಗೆಂದು ಖರ್ಚು ಮಾಡುತ್ತಿರುವ ಎಟಿಪಿ ಎಂಬ ಅಣುವಿನ ಒಳಗೂ ಇದೇ ಅಡೆನಿನ್ ಕೂತಿದೆ. ಐದು ಸೈನೈಡ್‌ಗಿಂತ ಒಂದು ಪರಮಾಣು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಕಾಗದದ ಮೇಲೆ ಲೆಕ್ಕ ಸರಿಹೋಗುವುದು ಬೇರೆ, ನಿಜವಾಗಿ ಹಾಗೆ ಆಗುವುದು ಬೇರೆ. 1960ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಜೊವಾನ್ ಓರೊ ಅದನ್ನು ಮಾಡಿ ತೋರಿಸಿದರು. ನೀರಿನಲ್ಲಿ ಅಮೋನಿಯಂ ಸೈನೈಡ್ ಕರಗಿಸಿ ಕೆಲವು ದಿನ ಬಿಸಿಯಾಗಿಟ್ಟರು. ನೀರು ಕಪ್ಪಾಯಿತು. ಆ ಕಪ್ಪು ಗಸಿಯೊಳಗೆ ಅಡೆನಿನ್ ಇತ್ತು. ಜೀವಿ ಇಲ್ಲ, ಕಿಣ್ವ ಇಲ್ಲ, ಯಾರೂ ಕೂತು ಜೋಡಿಸಿದ್ದೂ ಇಲ್ಲ.

ಜೀವ ಹೇಗೆ ಹುಟ್ಟಿತು ಅಂತ ಕೇಳಿದರೆ ಈ ಕೆಲಸದಲ್ಲಿರುವವರು ಮೊದಲು ಪ್ರಶ್ನೆಯನ್ನೇ ಚಿಕ್ಕದು ಮಾಡಿಕೊಳ್ಳುತ್ತಾರೆ. ಜೀವದ ಮಾತು ಆಮೇಲೆ ನೋಡೋಣ. ಜೀವ ಕಟ್ಟಲು ಬೇಕಾದ ಇಟ್ಟಿಗೆಗಳು, ಜೀವವೇ ಇಲ್ಲದ ಕಾಲದಲ್ಲಿ, ತಾವಾಗಿಯೇ ಹೇಗಾದವು? ಈ ಚಿಕ್ಕ ಪ್ರಶ್ನೆಯ ಹೆಸರೇ ಜೀವಪೂರ್ವ ರಸಾಯನಶಾಸ್ತ್ರ. ಇಟ್ಟಿಗೆಗಳ ಪಟ್ಟಿಯೂ ಉದ್ದವಿಲ್ಲ. ಪ್ರೋಟೀನ್ ಕಟ್ಟುವ ಇಪ್ಪತ್ತು ಅಮೈನೊ ಆಮ್ಲಗಳು, ಡಿಎನ್‌ಎ ಮತ್ತು ಆರ್‌ಎನ್‌ಎ ಕಟ್ಟುವ ನ್ಯೂಕ್ಲಿಯೊಟೈಡ್‌ಗಳು, ಒಂದಷ್ಟು ಸಕ್ಕರೆ, ಕೋಶದ ಹೊರಪೊರೆಗೆ ಕೊಬ್ಬಿನಂಥ ಉದ್ದ ಅಣುಗಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಟ್ಟಿಗೆ ಆಗುವುದು ದೊಡ್ಡ ವಿಷಯವೇ ಅಲ್ಲ. ರಸಾಯನಶಾಸ್ತ್ರಕ್ಕೆ ಅದು ಅಭ್ಯಾಸದ ಕೆಲಸ, ಬೇಡ ಅಂದರೂ ಮಾಡುತ್ತದೆ. ತಲೆನೋವು ಇರುವುದು ಆಮೇಲೆ. ಬೇಕಾದ್ದರ ಜೊತೆ ನೂರಾರು ಬೇಡದ್ದೂ ಹುಟ್ಟುತ್ತವಲ್ಲ, ಅವುಗಳ ನಡುವೆ ಬೇಕಾದ್ದನ್ನು ಉಳಿಸಿಕೊಳ್ಳುವುದು, ಒಂದಕ್ಕೊಂದು ಜೋಡಿಸುವುದು, ಅದೂ ನೀರಿನೊಳಗೆ.

ವಿಷ ಅನ್ನುವುದು ಆಮೇಲೆ ಬಂದ ಮಾತು

ಸೈನೈಡ್ ನಮ್ಮನ್ನು ಕೊಲ್ಲುವುದು ಯಾಕೆ? ನಮ್ಮ ಕೋಶಗಳು ಆಮ್ಲಜನಕ ಬಳಸುವ ಕೊನೆಯ ಹಂತದಲ್ಲಿ ಒಂದು ಕಿಣ್ವವಿದೆ. ಸೈನೈಡ್ ಹೋಗಿ ಅದರ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಕೋಶಕ್ಕೆ ಅದನ್ನು ಬಳಸಲು ಆಗುವುದಿಲ್ಲ. ಅಂದರೆ ಉಸಿರಾಡುವವರು ಇದ್ದರೆ ಮಾತ್ರ ಅದು ವಿಷ. ನಾವು ಮಾತಾಡುತ್ತಿರುವ ಕಾಲದಲ್ಲಿ ಉಸಿರಾಡುವವರೂ ಇರಲಿಲ್ಲ, ಗಾಳಿಯಲ್ಲಿ ಆಮ್ಲಜನಕವೂ ಇರಲಿಲ್ಲ.

ಸೈನೈಡ್‌ನ ನಿಜವಾದ ಗುಣ ಬೇರೆ. ಅದರಲ್ಲಿ ಇಂಗಾಲ ಮತ್ತು ಸಾರಜನಕ ಮೂರು ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿವೆ. ಎಳೆದು ಕಟ್ಟಿದ ಸ್ಪ್ರಿಂಗ್ ಅಂದುಕೊಳ್ಳಿ. ಒಂದು ಬಂಧ ಬಿಚ್ಚಿದರೆ ಸಾಕು, ಪಕ್ಕದಲ್ಲಿರುವ ಯಾವುದನ್ನಾದರೂ ಹಿಡಿದುಕೊಳ್ಳುತ್ತದೆ. ಜೊತೆಗೆ ಜೀವಕ್ಕೆ ಅತಿ ಮುಖ್ಯವಾದ ಎರಡು ಪರಮಾಣುಗಳು, ಇಂಗಾಲ ಮತ್ತು ಸಾರಜನಕ, ಇಲ್ಲಿ ಮೊದಲೇ ಸೇರಿಕೊಂಡಿವೆ. ಹಾಗಾಗಿ ಈ ಕಥೆಯಲ್ಲಿ ಸೈನೈಡ್ ಪದೇ ಪದೇ ಬರುತ್ತದೆ. ಧೂಮಕೇತುಗಳಲ್ಲಿ ಸಿಗುತ್ತದೆ, ಶನಿಯ ಚಂದ್ರ ಟೈಟನ್‌ನ ಗಾಳಿಯಲ್ಲಿ ಸಿಗುತ್ತದೆ, ನಕ್ಷತ್ರಗಳ ನಡುವಿನ ಅನಿಲದ ಮೋಡಗಳಲ್ಲಿ ಸಿಗುತ್ತದೆ. ಮೀಥೇನ್, ಸಾರಜನಕ ಇರುವ ಗಾಳಿಯಲ್ಲಿ ಮಿಂಚು ಹೊಡೆದರೆ ತಾನಾಗಿ ಹುಟ್ಟುತ್ತದೆ.

ಐದು ಸೈನೈಡ್ ಅಡೆನಿನ್ ಆಗುವ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಎರಡು ಸೇರುತ್ತವೆ, ಆಮೇಲೆ ಮೂರನೆಯದು, ಆಮೇಲೆ ನಾಲ್ಕನೆಯದು. ನಾಲ್ಕು ಸೇರಿದ ತುಂಡು ಅಲ್ಲಿಗೆ ನಿಲ್ಲುತ್ತದೆ, ಯಾಕೆಂದರೆ ಅದು ಸಾಕಷ್ಟು ಸ್ಥಿರ. ಅಲ್ಲಿಂದ ಮುಂದಕ್ಕೆ ಹೋಗಲು ಒಂದು ದಾರಿ, ಅದರ ಮೇಲೆ ಅತಿನೇರಳೆ ಕಿರಣ ಬೀಳುವುದು. ಬಿದ್ದಾಗ ಆ ತುಂಡು ಮೈ ತಿರುಚಿಕೊಂಡು ಐದು ಮೂಲೆಯ ಉಂಗುರವಾಗುತ್ತದೆ. ಐದನೆಯ ಸೈನೈಡ್ ಬಂದು ಪಕ್ಕದಲ್ಲಿ ಇನ್ನೊಂದು ಉಂಗುರ ಮುಚ್ಚುತ್ತದೆ. ಅಡೆನಿನ್ ಅಂದರೆ ಈ ಜೋಡಿ ಉಂಗುರ. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅಂದೆನಲ್ಲ, ಹಾಗಾಗಿ ಓಜೋನ್ ಪದರವೂ ಇರಲಿಲ್ಲ. ನೆಲಕ್ಕೆ ಅತಿನೇರಳೆ ಕಿರಣ ಧಾರಾಳವಾಗಿ ಬೀಳುತ್ತಿತ್ತು. ಇವತ್ತು ನಮ್ಮ ಚರ್ಮ ಸುಡುವ ಕಿರಣವೇ ಅಂದು ಉಂಗುರ ಮಡಿಸಿರಬಹುದು.

ಒಂದು ವಾರದ ಕಿಡಿ

ಕಾಲದ ಲೆಕ್ಕ ಒಂದಿಷ್ಟು ಬೇಕು. ಭೂಮಿಗೆ ಸುಮಾರು 454 ಕೋಟಿ ವರ್ಷ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳುಗಳು ಸುಮಾರು 440 ಕೋಟಿ ವರ್ಷದಷ್ಟು ಹಿಂದೆಯೇ ಇಲ್ಲಿ ನೀರು ಇತ್ತು ಅನ್ನುವುದರ ಸುಳಿವು ಕೊಡುತ್ತವೆ. ಅದೇ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲುಗಳಿವೆ, ಅವಕ್ಕೆ ಸುಮಾರು 348 ಕೋಟಿ ವರ್ಷ. ಈ ಎರಡರ ನಡುವೆ ಎಲ್ಲೋ ಒಂದು ಕಡೆ ಕೆಲಸ ಆಗಿದೆ.

ಜೀವಿಗಳ ವಸ್ತು ಬೇರೆ, ಕಲ್ಲುಮಣ್ಣಿನ ವಸ್ತು ಬೇರೆ ಅಂತ ಬಹಳ ಕಾಲ ನಂಬಿದ್ದರು. 1828ರಲ್ಲಿ ಫ್ರೆಡ್ರಿಕ್ ವೋಲರ್ ಪ್ರಯೋಗಾಲಯದ ಲವಣದಿಂದ ಯೂರಿಯಾ ಮಾಡಿ, ಮನುಷ್ಯನದಾಗಲಿ ನಾಯಿಯದಾಗಲಿ ಮೂತ್ರಪಿಂಡ ಬೇಕಿಲ್ಲದೆ ಯೂರಿಯಾ ಮಾಡಬಲ್ಲೆ ಅಂತ ತಮ್ಮ ಗುರು ಬರ್ಜೀಲಿಯಸ್‌ಗೆ ಪತ್ರ ಬರೆದರು. ಅವರು ಬಳಸಿದ್ದೂ ಸೈನೈಡ್‌ನ ದಾಯಾದಿಯೇ, ಸೈನೇಟ್. 1871ರಲ್ಲಿ ಚಾರ್ಲ್ಸ್ ಡಾರ್ವಿನ್ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಬೆಚ್ಚನೆಯ ಪುಟ್ಟ ಕೊಳವೊಂದನ್ನು ಊಹಿಸಿಕೊಂಡರು. ಅಮೋನಿಯಾ, ರಂಜಕದ ಲವಣ, ಬೆಳಕು, ಶಾಖ, ವಿದ್ಯುತ್ ಎಲ್ಲ ಇರುವ ಕೊಳ. ಆ ಕೊಳದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಮಾತು ನನಗೆ ಇನ್ನೂ ಇಷ್ಟ: ಇವತ್ತು ಅಂಥ ವಸ್ತು ಎಲ್ಲಾದರೂ ಹುಟ್ಟಿದರೆ ತಕ್ಷಣ ಯಾವುದಾದರೂ ಜೀವಿ ತಿಂದು ಮುಗಿಸುತ್ತದೆ ಅಂತ ಅವರೇ ಬರೆದಿದ್ದರು. ಈಗ ಯಾಕೆ ಹೊಸದಾಗಿ ಜೀವ ಹುಟ್ಟುವುದಿಲ್ಲ ಅಂತ ಕೇಳುವವರಿಗೆ ಉತ್ತರ 150 ವರ್ಷದ ಹಿಂದೆಯೇ ಸಿದ್ಧವಾಗಿತ್ತು.

1924ರಲ್ಲಿ ರಷ್ಯಾದ ಅಲೆಕ್ಸಾಂಡರ್ ಒಪಾರಿನ್, 1929ರಲ್ಲಿ ಬ್ರಿಟನ್ನಿನ ಜೆ.ಬಿ.ಎಸ್. ಹಾಲ್ಡೇನ್ ಬೇರೆ ಬೇರೆಯಾಗಿ ಇದನ್ನು ಬೆಳೆಸಿದರು. ಆಮ್ಲಜನಕ ಇಲ್ಲದ ಗಾಳಿ, ಅದರಿಂದ ಕೆಳಗಿನ ಸಮುದ್ರಕ್ಕೆ ಇಳಿದು ತುಂಬಿಕೊಳ್ಳುವ ಇಂಗಾಲದ ಅಣುಗಳು. ಮಾತು ಚೆನ್ನಾಗಿತ್ತು, ಮಾಡಿ ನೋಡಿದವರು ಇರಲಿಲ್ಲ.

ಮಾಡಿ ನೋಡಿದ್ದು ಸ್ಟ್ಯಾನ್ಲಿ ಮಿಲ್ಲರ್. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ 22 ವರ್ಷದ ಹುಡುಗ. ಗುರು ಹೆರಾಲ್ಡ್ ಯೂರೆ ಆಗಲೇ ನೊಬೆಲ್ ಪಡೆದವರು. ಇದು ಪಿಎಚ್‌ಡಿಗೆ ಆಗುವ ಕೆಲಸವಲ್ಲ, ಏನೂ ಸಿಗದಿದ್ದರೆ ಪದವಿಯೂ ಇಲ್ಲ ಅಂತ ಅವರು ಮೊದಲು ಒಪ್ಪಲಿಲ್ಲ. ಕೊನೆಗೆ ಆರು ತಿಂಗಳಿಂದ ಒಂದು ವರ್ಷ ನೋಡೋಣ, ಆಗದಿದ್ದರೆ ಬಿಟ್ಟುಬಿಡು ಅಂದರು.

ಉಪಕರಣ ಹೀಗಿತ್ತು. ಕೆಳಗೆ ಒಂದು ಚಿಕ್ಕ ಗಾಜಿನ ಬುರುಡೆ, ಅದರಲ್ಲಿ ಕುದಿಯುವ ನೀರು. ಅದು ಸಮುದ್ರ. ಮೇಲೆ ಐದು ಲೀಟರಿನ ದೊಡ್ಡ ಬುರುಡೆ, ಅದರಲ್ಲಿ ಮೀಥೇನ್, ಅಮೋನಿಯಾ, ಜಲಜನಕ. ಅದು ಆಕಾಶ. ದೊಡ್ಡ ಬುರುಡೆಯೊಳಗೆ ಎರಡು ಲೋಹದ ಕಡ್ಡಿಗಳ ನಡುವೆ ಸತತವಾಗಿ ಕಿಡಿ ಹಾರುತ್ತಿತ್ತು. ಅದು ಮಿಂಚು. ನೀರಾವಿ ಮೇಲೇರಿ ಕಿಡಿಯನ್ನು ದಾಟಿ, ತಣ್ಣೀರಿನ ಕೊಳವೆಯಲ್ಲಿ ತಂಪಾಗಿ, ಮಳೆಯಂತೆ ಮತ್ತೆ ಕೆಳಗಿಳಿಯುತ್ತಿತ್ತು. ಒಂದು ದಿನಕ್ಕೆ ನೀರು ತಿಳಿ ಗುಲಾಬಿ. ವಾರ ಕಳೆಯುವಷ್ಟರಲ್ಲಿ ಗಾಢ ಕೆಂಪು, ಮಬ್ಬು ಮಬ್ಬು.

ಆ ನೀರಿನ ತೊಟ್ಟನ್ನು ಸೋಸುಕಾಗದದ ಮೂಲೆಗಿಟ್ಟು, ದ್ರಾವಕ ಹರಿಸಿ, ಮೇಲೆ ನಿನ್‌ಹೈಡ್ರಿನ್ ಸಿಂಪಡಿಸಿದರೆ ಅಮೈನೊ ಆಮ್ಲ ಇರುವ ಜಾಗದಲ್ಲಿ ನೇರಳೆ ಚುಕ್ಕೆ ಮೂಡುತ್ತದೆ. ಮೂಡಿತು. ಗ್ಲೈಸಿನ್ ಇತ್ತು, ಅಲನಿನ್ ಇತ್ತು. ಇನ್ನೂ ಒಂದೆರಡು ಮಸುಕಾಗಿ ಕಾಣುತ್ತಿದ್ದವು. 1953ರ ಮೇ 15ರಂದು ವರದಿ ಅಚ್ಚಾಯಿತು. ಯೂರೆ ತಮ್ಮ ಹೆಸರು ಹಾಕಿಸಿಕೊಳ್ಳಲಿಲ್ಲ. ಹಾಕಿದರೆ ಹುಡುಗನ ಕೆಲಸವೆಲ್ಲ ನೊಬೆಲ್ ಪಡೆದವನ ಲೆಕ್ಕಕ್ಕೆ ಹೋಗಿಬಿಡುತ್ತದೆ ಅಂತ. ಅಂಥ ಗುರುಗಳು ಕಡಿಮೆ. ಅದಕ್ಕೆ ಮೂರು ವಾರ ಮೊದಲಷ್ಟೇ, ಏಪ್ರಿಲ್ 25ರಂದು, ಡಿಎನ್‌ಎಯ ಜೋಡಿ ಸುರುಳಿಯ ವರದಿಯೂ ಬಂದಿತ್ತು. ಎಂಥಾ ವಸಂತ ನೋಡಿ ಅದು.

ನಾನು ಹೈಸ್ಕೂಲಿನಲ್ಲಿ ಈ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ತಗೊಂಡಿದ್ದೆ. ಆಗ ತಿಳಿದುಕೊಂಡಿದ್ದು, ಮಿಂಚು ಹೊಡೆದ ಕೂಡಲೇ ಅಮೈನೊ ಆಮ್ಲ ಉದುರಿತು ಅಂತ. ಹಾಗಲ್ಲ. ಕಿಡಿ ಮಾಡುವ ಕೆಲಸ ಒಡೆಯುವುದು. ಮೀಥೇನ್, ಅಮೋನಿಯಾ ಚೂರಾಗುತ್ತವೆ, ಚೂರುಗಳು ಹೊಸದಾಗಿ ಕೂಡುತ್ತವೆ. ಹಾಗೆ ಮುಖ್ಯವಾಗಿ ಹುಟ್ಟುವುದು ಎರಡು: ನಮ್ಮ ಹೈಡ್ರೋಜನ್ ಸೈನೈಡ್ ಮತ್ತು ಆಲ್ಡಿಹೈಡ್ ಎಂಬ ಚಿಕ್ಕ ಇಂಗಾಲದ ಅಣುಗಳು. ಇವೆರಡೂ ಕೆಳಗಿನ ನೀರಿಗೆ ಇಳಿದು, ಅಲ್ಲಿರುವ ಅಮೋನಿಯಾ ಜೊತೆ ಸೇರುತ್ತವೆ. ಸೇರಿದ್ದರ ಒಂದು ತುದಿಯಲ್ಲಿ ಸೈನೈಡ್‌ನ ಇಂಗಾಲ-ಸಾರಜನಕ ಜೋಡಿ ಹಾಗೇ ಇರುತ್ತದೆ. ನೀರು ಆ ತುದಿಯನ್ನು ನಿಧಾನವಾಗಿ ಕಡಿದು ಆಮ್ಲವಾಗಿಸುತ್ತದೆ. ಈಗ ಒಂದು ಕಡೆ ಅಮೈನೊ, ಇನ್ನೊಂದು ಕಡೆ ಆಮ್ಲ. ಫಾರ್ಮಾಲ್ಡಿಹೈಡ್‌ನಿಂದ ಶುರುಮಾಡಿದರೆ ಗ್ಲೈಸಿನ್, ಅದಕ್ಕಿಂತ ಒಂದು ಇಂಗಾಲ ಜಾಸ್ತಿ ಇರುವ ಅಸಿಟಾಲ್ಡಿಹೈಡ್‌ನಿಂದ ಅಲನಿನ್. ಈ ದಾರಿಯನ್ನು ಅಡಾಲ್ಫ್ ಸ್ಟ್ರೆಕರ್ ಎಂಬುವರು 1850ರಲ್ಲೇ ಕಂಡುಕೊಂಡಿದ್ದರು. ಅವರಿಗೆ ಜೀವದ ಹುಟ್ಟಿನ ಯೋಚನೆ ಇರಲಿಲ್ಲ. ಮಿಲ್ಲರ್ ಆಮೇಲೆ ದಿನದಿನವೂ ಅಳೆದು ನೋಡಿದಾಗ ಮೊದಲು ಸೈನೈಡ್ ಏರಿ, ಅದು ಇಳಿಯುತ್ತಾ ಬಂದಂತೆ ಅಮೈನೊ ಆಮ್ಲ ಏರುವುದು ಕಂಡಿತು.

ಒಂದು ತಕರಾರು ಇದೆ, ಮುಚ್ಚಿಡಬಾರದು. ಆಗಿನ ಗಾಳಿಯಲ್ಲಿ ಮೀಥೇನ್, ಅಮೋನಿಯಾ ಅಷ್ಟೊಂದು ಇರಲಿಲ್ಲ, ಹೆಚ್ಚಾಗಿ ಇದ್ದದ್ದು ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ ಅಂತ ಭೂವಿಜ್ಞಾನಿಗಳು ಆಮೇಲೆ ಹೇಳಿದರು. ಆ ಗಾಳಿಯಲ್ಲಿ ಕಿಡಿ ಹಾರಿಸಿದರೆ ಫಸಲು ತುಂಬಾ ಕಡಿಮೆ. 2008ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಅಂಥ ಗಾಳಿಯಲ್ಲಿ ಹುಟ್ಟುವ ಆಮ್ಲಗಳನ್ನು ತಟಸ್ಥ ಮಾಡಿ, ಅಮೈನೊ ಆಮ್ಲವನ್ನು ಕೆಡಿಸುವ ವಸ್ತುಗಳನ್ನು ತಡೆದರೆ ಫಸಲು ಮತ್ತೆ ಸಾಕಷ್ಟು ಏರುತ್ತದೆ. ಮಿಲ್ಲರ್ 2007ರಲ್ಲಿ ತೀರಿಕೊಂಡ ಮೇಲೆ ಅವರ ಹಳೆಯ ಸೀಸೆಗಳನ್ನು ಶಿಷ್ಯ ಜೆಫ್ರಿ ಬಾಡಾ ಅವರ ತಂಡ ಹೊಸ ಉಪಕರಣಗಳಿಂದ ನೋಡಿತು. ಜ್ವಾಲಾಮುಖಿಯ ಆವಿಯನ್ನು ಅಣಕಿಸುವಂತೆ ಮಾಡಿದ್ದ ಒಂದು ಪ್ರಯೋಗದ ಒಣಗಿದ ಗಸಿಯಲ್ಲಿ 22 ಅಮೈನೊ ಆಮ್ಲ ಸಿಕ್ಕವು. 1953ರ ನೇರಳೆ ಚುಕ್ಕೆಗಳು ಕಾಣಿಸಿದ್ದಕ್ಕಿಂತ ಆ ಸೀಸೆಗಳಲ್ಲಿ ತುಂಬಾ ಜಾಸ್ತಿ ಇತ್ತು. ಗಾಜಿನದೂ ಒಂದು ಪಾಲಿದೆ. 2021ರಲ್ಲಿ ಅದೇ ಪ್ರಯೋಗವನ್ನು ಗಾಜಿನ ಬದಲು ಟೆಫ್ಲಾನ್ ಪಾತ್ರೆಯಲ್ಲಿ ಮಾಡಿದಾಗ ಫಸಲು ಕುಗ್ಗಿತು. ಕ್ಷಾರದ ನೀರು ಗಾಜನ್ನು ಸ್ವಲ್ಪ ಸ್ವಲ್ಪ ಕೊರೆಯುತ್ತದೆ, ಆ ಕೊರೆದ ಸಿಲಿಕಾ ಮೇಲ್ಮೈ ಮೇಲೆ ಕ್ರಿಯೆ ಚುರುಕಾಗುತ್ತದೆ. ಸಮುದ್ರ, ಆಕಾಶ, ಮಿಂಚು ಅಂತ ಇಟ್ಟಿದ್ದರು. ಬಂಡೆಯೂ ಇತ್ತು, ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಕಾಶದಿಂದಲೂ ಬಂತು

1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮರ್ಚಿಸನ್ ಎಂಬ ಊರಿನ ಸುತ್ತ ಉಲ್ಕೆ ಒಡೆದು ಬಿತ್ತು. ಸುಮಾರು 100 ಕಿಲೋ ಚೂರುಗಳನ್ನು ಆರಿಸಿದರು. ಒಡೆದು ನೋಡಿದಾಗ ಅದರೊಳಗೆ ಅಮೈನೊ ಆಮ್ಲ. ಯಾರದೋ ಕೈ ಮುಟ್ಟಿ ಅಂಟಿದ್ದಲ್ಲ ಅಂತ ಹೇಗೆ ಗೊತ್ತು? ಎರಡು ಗುರುತು. ಭೂಮಿಯ ಜೀವಿಗಳು ಪ್ರೋಟೀನ್‌ಗೆ ಬಳಸದ ಅಮೈನೊ ಆಮ್ಲಗಳೂ ಅಲ್ಲಿದ್ದವು. ಇನ್ನೊಂದು, ಎಡಗೈ ಬಲಗೈ ವಿಚಾರ. ಅದಕ್ಕೆ ಮತ್ತೆ ಬರುತ್ತೇನೆ. ಈವರೆಗೆ ಆ ಕಲ್ಲಿನಲ್ಲಿ 90ಕ್ಕೂ ಹೆಚ್ಚು ಬಗೆಯ ಅಮೈನೊ ಆಮ್ಲ ಸಿಕ್ಕಿವೆ. ಧೂಮಕೇತು 67ಪಿಯ ಸುತ್ತಲಿನ ಅನಿಲದಲ್ಲಿ ರೊಸೆಟ್ಟಾ ನೌಕೆ ಗ್ಲೈಸಿನ್ ಕಂಡಿತು. ಜಪಾನಿನ ಹಯಬುಸಾ-2 ನೌಕೆ ರ್‍ಯೂಗು ಎಂಬ ಕ್ಷುದ್ರಗ್ರಹದಿಂದ 2020ರಲ್ಲಿ ತಂದ 5.4 ಗ್ರಾಂ ಪುಡಿಯಲ್ಲಿ ಆರ್‌ಎನ್‌ಎಯ ಅಕ್ಷರ ಯುರಾಸಿಲ್ ಸಿಕ್ಕಿತು.

ಹಾಗಾದರೆ ಜೀವ ಬೇರೆಲ್ಲಿಂದಲೋ ಬಂತು ಅಂತ ಕೆಲವರು ಹಾರುತ್ತಾರೆ. ಅಷ್ಟು ಹಾರಬೇಕಿಲ್ಲ. ಇದು ಹೇಳುವುದು ಇಷ್ಟೇ. ಇಂಗಾಲ, ಸಾರಜನಕ, ನೀರು, ಸ್ವಲ್ಪ ಶಕ್ತಿ ಸಿಕ್ಕ ಕಡೆಯಲ್ಲೆಲ್ಲ ಈ ಅಣುಗಳು ಆಗುತ್ತವೆ. ಇಲ್ಲಿ ಆದವೋ ಅಲ್ಲಿಂದ ಉದುರಿದವೋ, ಬಹುಶಃ ಎರಡೂ.

ಸಕ್ಕರೆಯ ತಂಟೆ

ಇಲ್ಲಿಯವರೆಗೆ ಎಲ್ಲ ಸುಲಭ. ಸಕ್ಕರೆಯ ವಿಷಯಕ್ಕೆ ಬಂದರೆ ಕಥೆ ಮುಗ್ಗರಿಸುತ್ತದೆ.

ಆರ್‌ಎನ್‌ಎಯ ಒಂದು ನ್ಯೂಕ್ಲಿಯೊಟೈಡ್‌ನಲ್ಲಿ ಮೂರು ಭಾಗ: ಅಡೆನಿನ್‌ನಂಥ ಒಂದು ಅಕ್ಷರ, ರೈಬೋಸ್ ಎಂಬ ಸಕ್ಕರೆ, ರಂಜಕ ಇರುವ ಒಂದು ಫಾಸ್ಫೇಟ್. ರೈಬೋಸ್ ಮಾಡಲು ದಾರಿ ಇದೆ. 1861ರಲ್ಲಿ ಅಲೆಕ್ಸಾಂಡರ್ ಬುಟ್ಲೆರೊವ್ ಫಾರ್ಮಾಲ್ಡಿಹೈಡ್‌ಗೆ ಸುಣ್ಣದ ನೀರು ಸೇರಿಸಿ ಬಿಸಿ ಮಾಡಿದಾಗ ಸಿಹಿಯಾದ ಪಾಕ ಸಿಕ್ಕಿತು. ಆದರೆ ಅದರಲ್ಲಿ ಹತ್ತಾರು ಬಗೆಯ ಸಕ್ಕರೆ, ರೈಬೋಸ್ ಮಾತ್ರ ಚೂರೇ ಚೂರು. ಬಿಸಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲ ಸೇರಿ ಕಂದು ಬಣ್ಣದ ಟಾರು. ಈ ಟಾರು ಜೀವಪೂರ್ವ ರಸಾಯನಶಾಸ್ತ್ರದ ಹಳೆಯ ಶತ್ರು. ಇಂಗಾಲದ ಅಣುಗಳಿಗೆ ಶಕ್ತಿ ಕೊಟ್ಟು ಸುಮ್ನೆ ಬಿಟ್ಟರೆ ಅವು ಜೀವದ ಕಡೆ ಹೋಗುವುದಿಲ್ಲ, ಟಾರಿನ ಕಡೆ ಹೋಗುತ್ತವೆ. ಬೋರಾನ್ ಇರುವ ಖನಿಜಗಳು ರೈಬೋಸ್‌ನ ಕೈ ಹಿಡಿದು ಅದು ಹಾಳಾಗದಂತೆ ಉಳಿಸುತ್ತವೆ ಅಂತ 2004ರಲ್ಲಿ ಸ್ಟೀವನ್ ಬೆನ್ನರ್ ತಂಡ ತೋರಿಸಿದ ಮೇಲೆ ಸ್ವಲ್ಪ ಉಸಿರು ಬಂತು.

ಇನ್ನೊಂದು ಮುಗ್ಗರಿಕೆ ಇದಕ್ಕಿಂತ ದೊಡ್ಡದು. ಅಕ್ಷರ ಸಿಕ್ಕಿತು, ರೈಬೋಸ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಎರಡನ್ನೂ ಒಟ್ಟಿಗೆ ಹಾಕಿದರೆ ಅಂಟಿಕೊಳ್ಳಬೇಕಲ್ಲ? ಅಂಟುವುದಿಲ್ಲ. ಅಡೆನಿನ್ ಹೇಗೋ ಅಲ್ಪಸ್ವಲ್ಪ ಅಂಟುತ್ತದೆ, ಯುರಾಸಿಲ್ ಮತ್ತು ಸೈಟೊಸಿನ್ ಎಂಬ ಅಕ್ಷರಗಳು ಮುಖ ತಿರುಗಿಸುತ್ತವೆ. ದಶಕಗಟ್ಟಲೆ ಒಳ್ಳೊಳ್ಳೆಯ ರಸಾಯನಶಾಸ್ತ್ರಜ್ಞರು ಇಲ್ಲಿ ತಲೆ ಚಚ್ಚಿಕೊಂಡರು.

2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿದ್ದ ಜಾನ್ ಸದರ್‌ಲ್ಯಾಂಡ್, ಮ್ಯಾಥ್ಯೂ ಪೌನರ್ ಮತ್ತು ಬಿಯಾಟ್ರಿಸ್ ಜೆರ್‌ಲ್ಯಾಂಡ್ ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಿದರು. ಅವರ ಯೋಚನೆಯನ್ನು ಕಾಗದದ ದೋಣಿಯಿಂದ ಹೇಳಬಹುದು. ದೋಣಿಯಲ್ಲಿ ತಳ ಇದೆ, ಬದಿಗಳಿವೆ, ನಡುವೆ ಗೋಪುರ ಇದೆ. ಹಾಗಂತ ತಳ ಬೇರೆ, ಬದಿ ಬೇರೆ ಮಾಡಿ ಅಂಟಿಸುತ್ತೇವಾ? ಒಂದೇ ಹಾಳೆ ಮಡಿಸುತ್ತಾ ಹೋದರೆ ಕೊನೆಗೆ ಎಲ್ಲ ಒಟ್ಟಿಗೆ ಮೂಡುತ್ತವೆ. ಅವರೂ ಸಕ್ಕರೆ ಬೇರೆ, ಅಕ್ಷರ ಬೇರೆ ಮಾಡಲು ಹೋಗಲಿಲ್ಲ. ಸೈನೈಡ್‌ನ ಸಂಬಂಧಿ ಸೈನಮೈಡ್ ಮತ್ತು ಎರಡು ಇಂಗಾಲದ ಒಂದು ಪುಟ್ಟ ಆಲ್ಡಿಹೈಡ್ ಸೇರಿಸಿದಾಗ ಒಂದು ಉಂಗುರದ ಅಣು ಬಂತು. ಅದರಲ್ಲಿ ಅರ್ಧ ಮುಂದೆ ಸಕ್ಕರೆಯಾಗುವ ಭಾಗ, ಅರ್ಧ ಮುಂದೆ ಅಕ್ಷರವಾಗುವ ಭಾಗ. ಅದಕ್ಕೆ ಒಂದೊಂದಾಗಿ ಇನ್ನೂ ಎರಡು ಚಿಕ್ಕ ಅಣು ಸೇರಿಸುತ್ತಾ ಹೋದರೆ ಕೊನೆಗೆ ಫಾಸ್ಫೇಟ್ ಸಮೇತ ನ್ಯೂಕ್ಲಿಯೊಟೈಡ್. ಎರಡನ್ನೂ ಅಂಟಿಸುವ ಆ ಕಷ್ಟದ ಹೆಜ್ಜೆ ಬರಲೇ ಇಲ್ಲ.

ಈ ಕೆಲಸದಲ್ಲಿ ನನಗೆ ಮೆಚ್ಚುಗೆಯಾದ ಎರಡು ವಿವರ ಹೇಳಬೇಕು. ಫಾಸ್ಫೇಟ್ ಬೇಕಾಗಿದ್ದದ್ದು ಕೊನೆಗೆ. ಆದರೆ ಅದನ್ನು ಮೊದಲಿನಿಂದಲೇ ಪಾತ್ರೆಯಲ್ಲಿ ಇಟ್ಟುಕೊಂಡಾಗ ಟಾರಾಗುವ ಅಡ್ಡದಾರಿಗಳು ಕಡಿಮೆಯಾಗಿ, ಮೊದಲ ಹೆಜ್ಜೆಯೇ ನೇರವಾಯಿತು. ಬೇರೆ ಬೇರೆ ಶೆಲ್ಫಿನಲ್ಲಿ ಇಟ್ಟು ಯೋಚಿಸುತ್ತಿದ್ದ ವಸ್ತುಗಳು ಒಂದೇ ಕೊಳದಲ್ಲಿದ್ದವು ಅನ್ನುವುದನ್ನು ಅಲ್ಲಿಯವರೆಗೆ ಯಾರೂ ಗಂಭೀರವಾಗಿ ತಗೊಂಡಿರಲಿಲ್ಲ. ಎರಡನೆಯದು, ಕೊನೆಯಲ್ಲಿ ಬೇಡದ ಅಣುಗಳೂ ಒಂದಷ್ಟು ಉಳಿಯುತ್ತವೆ. ಆಗ ಅತಿನೇರಳೆ ಕಿರಣ ಬಿಟ್ಟರೆ ಬೇಡದವು ಒಡೆದು ಹೋಗುತ್ತವೆ, ನ್ಯೂಕ್ಲಿಯೊಟೈಡ್ ತಡೆದುಕೊಳ್ಳುತ್ತದೆ. ಜರಡಿ ಹಿಡಿದವರು ಸೂರ್ಯ. 2015ರಲ್ಲಿ ಸದರ್‌ಲ್ಯಾಂಡ್ ತಂಡ ಹೈಡ್ರೋಜನ್ ಸೈನೈಡ್, ಹೈಡ್ರೋಜನ್ ಸಲ್ಫೈಡ್ ಮತ್ತು ಅತಿನೇರಳೆ ಬೆಳಕಿನಿಂದ ಶುರುಮಾಡಿ ನ್ಯೂಕ್ಲಿಯೊಟೈಡ್, ಅಮೈನೊ ಆಮ್ಲ, ಕೊಬ್ಬಿನ ಅಣುಗಳ ಪೂರ್ವರೂಪ ಮೂರಕ್ಕೂ ಒಂದೇ ಜಾಲದಿಂದ ದಾರಿ ಇದೆ ಅಂತ ತೋರಿಸಿತು. ಮತ್ತೆ ನಮ್ಮ ಹಳೆಯ ಪರಿಚಯಸ್ಥನೇ.

ಟೀಕೆ ಇಲ್ಲದಿಲ್ಲ. ಯಾವ ಹೆಜ್ಜೆಗೆ ಯಾವ ವಸ್ತು, ಯಾವಾಗ ಅಂತ ನೋಡಿ ಹಾಕಿದ್ದು ರಸಾಯನಶಾಸ್ತ್ರಜ್ಞರ ಕೈ. ಆ ಕೈ ಇಲ್ಲದ ಕಡೆ ತೊರೆಗಳು ಬೇರೆ ಬೇರೆ ಕಲ್ಲು ತೊಳೆದುಕೊಂಡು ಹರಿದು, ಸರಿಯಾದ ಹೊತ್ತಿಗೆ ಒಂದು ಕಡೆ ಸೇರಬೇಕು. ಸೇರಬಹುದು ಅನ್ನುವುದು ಒಂದು ಮಾತು, ಸೇರಿದವು ಅನ್ನುವುದು ಇನ್ನೊಂದು.

ನೀರು ಬೇಕು, ನೀರು ಬೇಡ

ಎರಡು ಅಮೈನೊ ಆಮ್ಲ ಕೈ ಕೈ ಹಿಡಿಯುವಾಗ ಒಂದು ನೀರಿನ ಅಣು ಹೊರಬೀಳುತ್ತದೆ. ನ್ಯೂಕ್ಲಿಯೊಟೈಡ್‌ಗಳು ಸರಪಳಿಯಾಗುವಾಗಲೂ ಹಾಗೇ. ಈಗ ಸುತ್ತಲೂ ನೀರೇ ತುಂಬಿರುವಾಗ ಇನ್ನೊಂದು ನೀರನ್ನು ಹೊರಹಾಕು ಅಂದರೆ? ಒದ್ದೆ ಬಟ್ಟೆಯನ್ನು ಬಾವಿಯೊಳಗೆ ಹಿಂಡಿ ಒಣಗಿಸಿದ ಹಾಗೆ. ಕ್ರಿಯೆ ಹಿಮ್ಮುಖವಾಗಿ ಓಡುತ್ತದೆ, ಇದ್ದ ಸರಪಳಿಯೂ ಬಿಚ್ಚಿಕೊಳ್ಳುತ್ತದೆ. ಜೀವಕೋಶಗಳು ಇದನ್ನು ಕಿಣ್ವ ಮತ್ತು ಎಟಿಪಿ ಖರ್ಚು ಮಾಡಿ ದಾಟುತ್ತವೆ. ಆಗ ಅವೆರಡೂ ಇರಲಿಲ್ಲ.

ಇದರ ಜೊತೆಗೇ ತೆಳುವಿನ ಸಮಸ್ಯೆ. ಸಮುದ್ರದಷ್ಟು ನೀರಿಗೆ ಸ್ವಲ್ಪ ಸೈನೈಡ್ ಬಿದ್ದರೆ ಸೈನೈಡ್‌ಗೆ ಸೈನೈಡ್ ಸಿಗುವುದೇ ಇಲ್ಲ. ಒಂಟಿಯಾಗಿ ತೇಲುತ್ತಾ ನೀರಿನಿಂದಲೇ ಒಡೆದುಹೋಗುತ್ತದೆ. ಹಾಗಾಗಿ ಸಮುದ್ರದ ಪಾಕ ಅನ್ನುವ ಹಳೆಯ ಚಿತ್ರ ಈಗ ಅಷ್ಟು ಚಲಾವಣೆಯಲ್ಲಿಲ್ಲ. ಎಲ್ಲರೂ ಹುಡುಕುವುದು ವಸ್ತು ಒತ್ತಾಗುವ ಜಾಗ.

ಒಂದು ಜಾಗ ಮಂಜುಗಡ್ಡೆ. ನೀರು ಹೆಪ್ಪುಗಟ್ಟುವಾಗ ಶುದ್ಧ ನೀರು ಹರಳಾಗಿ ಪಕ್ಕಕ್ಕೆ ಸರಿಯುತ್ತದೆ, ಕರಗಿದ್ದೆಲ್ಲ ಹರಳುಗಳ ನಡುವಿನ ಸಣ್ಣ ಸಂದುಗಳಿಗೆ ಒತ್ತಿಕೊಳ್ಳುತ್ತದೆ. ಮಿಲ್ಲರ್ ಅಮೋನಿಯಂ ಸೈನೈಡ್ ದ್ರಾವಣವನ್ನು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಚಳಿಯಲ್ಲಿ 25 ವರ್ಷ ಇಟ್ಟಿದ್ದರು. ತೆಗೆದು ನೋಡಿದಾಗ ಅಡೆನಿನ್ ಮತ್ತು ಅಮೈನೊ ಆಮ್ಲ ಆಗಿದ್ದವು. ಪ್ರಯೋಗಕ್ಕೆ 25 ವರ್ಷ ಕಾಯುವುದು ಅಂದರೆ ಏನು ಅಂತ ಯೋಚಿಸಿ, ನಾವು ಒಂದು ವಿಡಿಯೋ ಶುರುವಾಗಲು ಐದು ಸೆಕೆಂಡ್ ಕಾಯುವುದಿಲ್ಲ.

ಇನ್ನೊಂದು, ಒಣಗಿ ತುಂಬುವ ಕೊಳ. ಬಿಸಿನೀರಿನ ಬುಗ್ಗೆಯ ಅಂಚಿನ ಗುಂಡಿ ಅಂದುಕೊಳ್ಳಿ. ಬಿಸಿಲಿಗೆ ಒಣಗಿದಾಗ ವಸ್ತು ಅಂಚಿಗೆ ಒತ್ತಾಗಿ ಕೂತು, ನೀರು ಹೊರಟು, ಕೊಂಡಿಗಳು ಬೆಸೆಯುತ್ತವೆ. ಮತ್ತೆ ನೀರು ಬಂದಾಗ ಕಲೆತು, ಹೊಸ ಜೊತೆಗಾರರು ಸಿಗುತ್ತಾರೆ. ಮತ್ತೆ ಒಣಗು. ಡೇವಿಡ್ ಡೀಮರ್ ಇದರ ದೊಡ್ಡ ವಕೀಲರು. ಇದಕ್ಕೆ ಎದುರು ಬಣವೂ ಇದೆ. ಅವರು ಸಮುದ್ರದ ತಳದ ಬಿಸಿ ಬುಗ್ಗೆಗಳ ಕಡೆಯವರು. 2000ದಲ್ಲಿ ಅಟ್ಲಾಂಟಿಕ್‌ನ ನಡುವೆ ಸಿಕ್ಕ ‘ಲಾಸ್ಟ್ ಸಿಟಿ’ ಅವರ ಮುಖ್ಯ ಸಾಕ್ಷಿ. ಅಲ್ಲಿ ಸುಣ್ಣದ ಕಲ್ಲಿನ ಗೋಪುರಗಳಿಂದ 40ರಿಂದ 90 ಡಿಗ್ರಿಯ ಕ್ಷಾರದ ನೀರು ಜಲಜನಕ ತುಂಬಿಕೊಂಡು ಬರುತ್ತದೆ. ಗೋಪುರದ ತುಂಬ ಸೂಕ್ಷ್ಮ ರಂಧ್ರಗಳು. ಒಳಗೆ ಕ್ಷಾರ, ಅಂದಿನ ಸಮುದ್ರ ಹೊರಗೆ ಸ್ವಲ್ಪ ಆಮ್ಲ. ಈ ವ್ಯತ್ಯಾಸವೇ ಬ್ಯಾಟರಿಯಂತೆ, ಇವತ್ತಿನ ಕೋಶಗಳೂ ಇಂಥದೇ ವ್ಯತ್ಯಾಸದಿಂದ ಎಟಿಪಿ ಮಾಡುತ್ತವೆ ಅನ್ನುವುದು ಅವರ ವಾದ. ಶಕ್ತಿಯ ವಿಷಯದಲ್ಲಿ ಅವರ ಮಾತಿಗೆ ತೂಕ ಇದೆ. ಆದರೆ ಅಷ್ಟು ಆಳಕ್ಕೆ ಸೂರ್ಯನ ಕಿರಣ ಹೋಗುವುದಿಲ್ಲ, ಒಣಗುವ ಮಾತಂತೂ ಇಲ್ಲವೇ ಇಲ್ಲ. ನನಗೆ ಸದ್ಯಕ್ಕೆ ಕೊಳದವರ ವಾದ ಹೆಚ್ಚು ಒಪ್ಪಿಗೆಯಾಗುತ್ತದೆ.

ಪೊರೆ ಮಾತ್ರ ಬಲು ಸುಲಭ. ಸಾಬೂನಿನ ಥರದ ಉದ್ದ ಅಣುಗಳಿಗೆ ಒಂದು ತುದಿ ನೀರು ಇಷ್ಟ, ಇನ್ನೊಂದು ತುದಿಗೆ ಆಗುವುದಿಲ್ಲ. ನೀರಿಗೆ ಬಿಟ್ಟರೆ ತಾವಾಗಿಯೇ ಗುಂಡಗಿನ ಚೀಲ ಕಟ್ಟಿಕೊಳ್ಳುತ್ತವೆ. ಡೀಮರ್ ಮರ್ಚಿಸನ್ ಉಲ್ಕೆಯಿಂದ ತೆಗೆದ ವಸ್ತುವೇ ನೀರಿನಲ್ಲಿ ಇಂಥ ಚೀಲ ಕಟ್ಟಿದ್ದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು.

ಸರಪಳಿ ಕಟ್ಟಿದ ಮೇಲೆ ಆರ್‌ಎನ್‌ಎ ಯಾಕೆ ಮುಖ್ಯ ಅಂದರೆ, ಅದು ಮಾಹಿತಿ ಹೊರುತ್ತದೆ, ಜೊತೆಗೆ ಕಿಣ್ವದ ಕೆಲಸವನ್ನೂ ಮಾಡುತ್ತದೆ. 1980ರ ದಶಕದ ಆರಂಭದಲ್ಲಿ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಇದನ್ನು ಕಂಡು 1989ರಲ್ಲಿ ನೊಬೆಲ್ ಪಡೆದರು. ಇವತ್ತಿಗೂ ನಮ್ಮ ಕೋಶದಲ್ಲಿ ಅಮೈನೊ ಆಮ್ಲಗಳನ್ನು ಬೆಸೆಯುವ ರೈಬೋಸೋಮ್‌ನ ನಡುಭಾಗ ಪ್ರೋಟೀನ್ ಅಲ್ಲ, ಆರ್‌ಎನ್‌ಎ. ಅಲ್ಲಿಂದ ಮುಂದಿನದು ಇನ್ನೊಂದೇ ಲೇಖನದ ವಿಷಯ.

ಎಡಗೈ, ಬಲಗೈ

ಬಾಕಿ ಇಟ್ಟಿದ್ದ ಮಾತು. ನಿಮ್ಮ ಎರಡೂ ಅಂಗೈ ನೋಡಿಕೊಳ್ಳಿ. ಬೆರಳು ಅಷ್ಟೇ, ಅಳತೆ ಅಷ್ಟೇ, ಆದರೂ ಬಲಗೈ ಗ್ಲವ್ ಎಡಗೈಗೆ ಹೊಂದುವುದಿಲ್ಲ. ಗ್ಲೈಸಿನ್ ಒಂದನ್ನು ಬಿಟ್ಟು ನಮ್ಮ ಪ್ರೋಟೀನ್‌ನ ಅಮೈನೊ ಆಮ್ಲಗಳಿಗೆಲ್ಲ ಹೀಗೆ ಎಡ ಮತ್ತು ಬಲ ರೂಪಗಳಿವೆ. ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವುದು ಎಡದ್ದನ್ನು ಮಾತ್ರ. ರೈಬೋಸ್‌ನಲ್ಲಿ ಬಲದ್ದನ್ನು ಮಾತ್ರ. ಮಿಲ್ಲರ್‌ನ ಬುರುಡೆಯಲ್ಲಿ ಎರಡೂ ಅರ್ಧರ್ಧ ಬರುತ್ತವೆ. ಮರ್ಚಿಸನ್ ಕಲ್ಲಿನಲ್ಲೂ ಹೆಚ್ಚು ಕಡಿಮೆ ಹಾಗೇ ಇದ್ದದ್ದು, ಅದು ಕೈಯಿಂದ ಅಂಟಿದ್ದಲ್ಲ ಅನ್ನುವುದಕ್ಕೆ ಗುರುತಾಯಿತು. ಆದರೆ ಅದೇ ಕಲ್ಲಿನ ಕೆಲವು ಅಮೈನೊ ಆಮ್ಲಗಳಲ್ಲಿ ಎಡದ್ದು ಸ್ವಲ್ಪ ಜಾಸ್ತಿ ಇರುವುದು ಆಮೇಲೆ ಕಂಡಿತು. ಆಹಾ, ಎಡಗೈ ಒಲವು ಆಕಾಶದಿಂದಲೇ ಬಂತು ಅಂತ ಹಲವರು ಸಂತೋಷಪಟ್ಟರು.

ಅಷ್ಟರಲ್ಲಿ ‘ಬೆನ್ನು’ ಎಂಬ ಕ್ಷುದ್ರಗ್ರಹದ ಸುದ್ದಿ ಬಂತು. ಅಮೆರಿಕದ ಒಸಿರಿಸ್-ರೆಕ್ಸ್ ನೌಕೆ ಅಲ್ಲಿಂದ 2023ರ ಸೆಪ್ಟೆಂಬರಿನಲ್ಲಿ 121.6 ಗ್ರಾಂ ಕಲ್ಲುಪುಡಿ ತಂದಿತು. ಭೂಮಿಯ ಗಾಳಿ ತಾಗದಂತೆ ಮುಚ್ಚಿ ತಂದದ್ದು. 2025ರ ಜನವರಿಯಲ್ಲಿ ಫಲಿತಾಂಶ ಹೊರಬಿತ್ತು. ನಮ್ಮ ಪ್ರೋಟೀನ್‌ನ ಇಪ್ಪತ್ತು ಅಮೈನೊ ಆಮ್ಲಗಳಲ್ಲಿ 14 ಅಲ್ಲಿದ್ದವು. ಡಿಎನ್‌ಎ, ಆರ್‌ಎನ್‌ಎ ಎರಡರದ್ದೂ ಸೇರಿ ಐದು ಅಕ್ಷರಗಳೂ ಇದ್ದವು. ಅಮೋನಿಯಾ ಧಾರಾಳ. ಎಡ, ಬಲ ಮಾತ್ರ ಸಮ ಸಮ. ಎಡಗೈ ಒಲವಿನ ಕಥೆ ಮತ್ತೆ ಮೊದಲಿನಿಂದ ಶುರು.

ಪುಡಿಯಲ್ಲಿ ಇನ್ನೂ ಒಂದು ಇತ್ತು: ಉಪ್ಪುಗಳು. ಉಪ್ಪುನೀರು ನಿಧಾನವಾಗಿ ಆರುವಾಗ ಒಂದರ ಹಿಂದೆ ಒಂದು ಹರಳುಗಟ್ಟುವ ಬಗೆಬಗೆಯ ಉಪ್ಪು, ಅದರಲ್ಲಿ ಫಾಸ್ಫೇಟ್ ಸಹ. ಅಂದರೆ ಬೆನ್ನು ಯಾವ ದೊಡ್ಡ ಕಾಯದಿಂದ ಒಡೆದು ಬಂತೋ, ಅದರೊಳಗೆ 450 ಕೋಟಿ ವರ್ಷದ ಹಿಂದೆ ಉಪ್ಪುನೀರು ನಿಂತಿತ್ತು. ಅಡೆನಿನ್ ಇತ್ತು, ಅಮೈನೊ ಆಮ್ಲ ಇತ್ತು, ಫಾಸ್ಫೇಟ್ ಇತ್ತು, ನೀರು ಒಣಗಿದ್ದೂ ಆಯಿತು. ಅಕ್ಷರಗಳೆಲ್ಲ ಇವೆ, ಸರಪಳಿ ಇಲ್ಲ.